ಐದನೆಯ ಆಲ್ಬಮ್ಮಿನಲ್ಲಿ ಇಲ್ಲದ ಉಸಿರು

ಕಲಬುರಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಹೆಂಗಸರು ಒಂದೇ ಇಯರ್‌ಫೋನ್ ಹಂಚಿಕೊಂಡು ಹಾಡು ಕೇಳುತ್ತಿದ್ದರು. ಹಾಡಿದವಳು ನಲವತ್ತು ದಾಟಿದ ಕಿರಿಯಾಕೆಯೇ, ಹಿರಿಯಾಕೆ ಅವಳ ಅತ್ತಿಗೆ ಎಂದು ಮಾತಿನಿಂದ ತಿಳಿಯಿತು.

“ಸೌಂದರ್ಯಾ, ಇದು ಐದನೇ ಆಲ್ಬಮ್ ಏನವ?”

“ಹೌದ್ರಿ ವೈನಿ. ಎಲ್ಲಾ ಜಾಝ್ ಹಾಡೇ. ಹೆಂಗದ?”

“ಚಲೋ ಅದ. ಆದ್ರ ಎಲ್ಲೂ ಉಸಿರೇ ತಗೊಂಡಿಲ್ಲಲ್ಲ. ಸೊಸಿಗಿ ಬೈಯಾಕ ನನಗ ನಡುವ ನಾಕು ಸಲ ಉಸಿರು ಬೇಕಾಗತದ.”

“ತಗೊಂಡೀನ್ರಿ. ಕಂಪನಿಯವರು ಕತ್ತರಿಸಿ ತೆಗದಾರ. ಉಸಿರು ಕೇಳಿದ್ರ ವಯಸ್ಸು ಗೊತ್ತಾಗತದಂತ.”

“ನೀ ಏನಂದಿ?”

“ಇನ್ನಾ ಏನೂ ಅಂದಿಲ್ಲ. ಸಂಜಿತನಕ ಒಪ್ಪಿಗಿ ಕೊಡಬೇಕು, ಇಲ್ಲಾಂದ್ರ ಆಲ್ಬಮ್ ಬಿಡಂಗಿಲ್ಲಂತ. ಜಗಳಾಡಿ ಸಾಕಾಗ್ಯದ ವೈನಿ. ಹೂಂ ಅಂತೀನಿ.”

ಹಿರಿಯಾಕೆ ಇಯರ್‌ಫೋನ್ ತೆಗೆದಿಟ್ಟರು.

“ನಿನ್ನ ಮೊದಲಿನ ಹಾಡು ಹಚ್ಚಿ ರೊಟ್ಟಿ ಬಡೀತಿದ್ದೆ. ನಡುವ ನಿನ್ನ ಉಸಿರು ಕೇಳಿದ್ರ, ನೀ ಹಿಂದ ಬಂದು ನಿಂತೀ ಅಂತ ತಿರುಗಿ ನೋಡತಿದ್ದೆ.”

ಕಮಲಾಪುರದ ಬಸ್ಸು ಬಂದು ನಿಂತಿತು. ಸೌಂದರ್ಯಾ ಕಂಪನಿಯವರಿಗೆ ಧ್ವನಿ ಸಂದೇಶ ಕಳಿಸಲು ಫೋನನ್ನು ಬಾಯಿಯ ಹತ್ತಿರ ಹಿಡಿದಳು.

“ಸರ್, ನನ್ನ ಉಸಿರು ವಾಪಸ್ ಹಾಕಿದ್ರ ಆಲ್ಬಮ್ ಬಿಡ್ರಿ. ಇಲ್ಲಾಂದ್ರ ಬ್ಯಾಡ.”

ಸಂದೇಶ ಕಳಿಸಿ, ವೈನಿಯ ಚೀಲವನ್ನೂ ಎತ್ತಿಕೊಂಡು ಬಸ್ಸಿನತ್ತ ನಿಧಾನವಾಗಿ ನಡೆದಳು.