ಅತ್ತೆ ಮೂಸಿದ ಕೈ

ಮತ್ತೆ ನಡುವೆ ಬಾಯಿ ಹಾಕಿದಿರಿ. ಕತೆ ಬಾವಿಯ ಹತ್ತಿರ ಬಂದಾಗಲೇ ಒಬ್ಬರಿಗೆ ನೀರಡಿಕೆ, ಇನ್ನೊಬ್ಬರಿಗೆ ಉಚ್ಚೆ. ಮೊದಲಿಂದ ಹೇಳುತ್ತೇನೆ, ಸುಮ್ಮನೆ ಕೂತಿರಿ. ಇದು ಕುರುಗೋಡಿನಲ್ಲಿ ನಮ್ಮ ದೊಡ್ಡಪ್ಪನ ಮಗಳು ಶೀಲಾಗೆ ಆದದ್ದು.

ಶೀಲಾ ಬಳ್ಳಾರಿಯ ಕೌಲ್ ಬಜಾರಿನಿಂದ ಜೀನ್ಸ್ ಬಟ್ಟೆ ತಂದು ಮನೆಯಲ್ಲೇ ಜೇಬು ಹೊಲಿಯುತ್ತಿದ್ದಳು. ಅತ್ತೆ ಹೊನ್ನೂರಮ್ಮನಿಗೆ ಮರೆವು ಶುರುವಾಗಿತ್ತು. ಸಿರುಗುಪ್ಪದಿಂದ ಅತ್ತೆಯ ಅಕ್ಕ ಎರ್ರಮ್ಮ, ತನಗೂ ಮರೆವು ಅಂತ ತೋರಿಸಿಕೊಳ್ಳಲು, ಜೊತೆಗೆ ಬಂದಳು. ಬಳ್ಳಾರಿಯ ಡಾಕ್ಟರು ಇಬ್ಬರ ತಲೆಗೂ ವೈರು ಅಂಟಿಸಿ ನೋಡಿದರು. ಅಕ್ಕನದು ಬರೀ ವಯಸ್ಸಿನ ಮರೆವು. ತಂಗಿಯ ಮಿದುಳಿನ ಅಲೆಗಳು ನಿಧಾನವಾಗಿದ್ದವು. ಕಣ್ಣು ಮುಚ್ಚಿದಾಗ ಏಳಬೇಕಾದ ಅಲೆ ಸರಿಯಾಗಿ ಏಳಲಿಲ್ಲ.

"ಹುಚ್ಚಲ್ಲ ಇದು, ಮರವು ಈಗ ಶುರುವಾಗೈತಿ," ಅಂದರು ಡಾಕ್ಟರು. "ತನ್ನ ಕೆಲಸ ತಾನು ಮಾಡ್ಕೋತಾಳ. ಹೊತ್ತಿಗೆ ಸರಿಯಾಗಿ ಊಟ ಕೊಡ್ರಿ."

ಶೀಲಾ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಂಡಳು.

"ಶೀಲಾ, ಹಸಿವಾಗೈತವಾ."

"ಈಗಷ್ಟ ಉಂಡ್ರಲ್ಲ ಅತ್ತಿ. ಮರ್ತ್ರಿ. ಡಾಕ್ಟರು ಹೇಳಿಲ್ಲೇನು?"

ಮಷೀನು ನಿಲ್ಲಿಸಿ ಏಳುವುದು ತಪ್ಪಿತಲ್ಲ, ಅಷ್ಟೇ ಇವಳಿಗೆ ಬೇಕಿದ್ದದ್ದು. ಹೊನ್ನೂರಮ್ಮ ಬಲಗೈ ಮೂಸಿ ನೋಡುತ್ತಿದ್ದಳು. ಸಾರಿನ ವಾಸನೆ ಇರುತ್ತಿರಲಿಲ್ಲ. ಆದರೂ ಸೊಸೆಯ ಮಾತು ನಂಬಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಬೇಸಿಗೆ ಮುಗಿಯುವ ಮುಂಚೆ ಮುದುಕಿ ಹೋದಳು. ಹೆಣದ ಮೈ ತೊಳೆದ ಎರ್ರಮ್ಮ ತಂಗಿಯ ಪಕ್ಕೆಲುಬು ಸವರಿ, ಶೀಲಾಳ ಮುಖ ನೋಡಿ ಮೆಲ್ಲಗೆ ಅಂದಳು: "ಇದನ್ನ ಮರಿಯೋವಷ್ಟು ನನಗ ಮರವಿಲ್ಲವಾ."

ಆಮೇಲೆ ಒಂದು ರಾತ್ರಿ... ಶೀಲಾ ಹೊಲಿದ ಬಟ್ಟೆ ಕೊಟ್ಟು, ಕಡೇ ಬಸ್ಸಿಗೆ ಇಳಿದು ನಡೆದು ಬರುತ್ತಿದ್ದಳು. ಕರೆಂಟು ಹೋಗಿತ್ತು. ಬಾವಿಯ ಹತ್ತಿರ ಹಿಂದೆ ಸಪ್ಪಳ. ಚಪ್ಪಲಿಯದಲ್ಲ. ಸುಂಯ್... ಸುಂಯ್... ಯಾರೋ ಮೂಸುವ ಸಪ್ಪಳ. ಬಲಗೈ ತಣ್ಣಗಾಯಿತು. ಉಸಿರು ಬೆರಳಿಂದ ಬೆರಳಿಗೆ ಸರಿಯಿತು.

"ಹಸಿವಾಗೈತೇನು?" ಕಿವಿಯ ಹತ್ತಿರವೇ ಪಿಸುಮಾತು.

"ಹ್ಞೂ..." ಬಾಯಿತಪ್ಪಿ ಅಂದುಬಿಟ್ಟಳು.

"ಈಗಷ್ಟ ಉಂಡಿಯಲ್ಲವಾ... ಮರ್ತೀದಿ."

ಓಡಿ ಬಂದು ತಟ್ಟೆ ಮುಂದೆ ಕೂತಳು. ಹಾಕಿಕೊಂಡ ಅನ್ನ ಹಾಗೇ ಇತ್ತು. ಬೆರಳಲ್ಲಿ ಮಾತ್ರ ಸಾರಿನ ವಾಸನೆ. ಉಂಡ ನೆನಪೂ ಇತ್ತು. ಉಪ್ಪು ಕಡಿಮೆಯಾಗಿತ್ತು ಅನ್ನುವುದು ಸಹ. ತಟ್ಟೆ ಸರಿಸಿ ಎದ್ದಳು. ಹೊಟ್ಟೆ ಗುರ್ರ್ ಅಂದಿತು.

ಅಂದಿನಿಂದ ಪ್ರತಿ ಹೊತ್ತೂ ಅದೇ. ಗಂಡ ಉಮಾಪತಿ ತುತ್ತು ಮಾಡಿ ಬಾಯಿಗಿಟ್ಟರೆ, "ಎಷ್ಟು ಸಲ ಉಣಸ್ತೀರಿ?" ಎಂದು ಉಗುಳುತ್ತಾಳೆ. ಮೈ ಸೊರಗಿ ಕುಪ್ಪಸ ಭುಜದಿಂದ ಜಾರುತ್ತದೆ. ಗುಡಿಯ ಭಸ್ಮ, ದರ್ಗಾದ ತಾಯತ, ಎಲ್ಲ ಆಯಿತು.

ಸುಳ್ಳು ಅನ್ನುವವರು ಅನ್ನಲಿ. ಹೋದ ವಾರ ಅದೇ ಡಾಕ್ಟರ ಹತ್ತಿರ ಅವಳ ಕೈ ಹಿಡಿದು ಕೂರಿಸಿದವಳು ನಾನೇ. ಮುಂಜಾನೆಯಿಂದ ಅವಳು ತಟ್ಟೆ ಮುಟ್ಟಿರಲಿಲ್ಲ, ಕೈಯಲ್ಲಿ ಬಿಸಿ ಸಾರಿನ ವಾಸನೆ. ವೈರು ಅಂಟಿಸಲು ಬಂದ ಹುಡುಗಿ ಕೂದಲು ಬಿಡಿಸುತ್ತ ಕೇಳಿದಳು:

"ಖಾಲಿ ಹೊಟ್ಟೀಲೆ ಇದನ್ನ ಮಾಡಂಗಿಲ್ಲಕ್ಕ. ಉಂಡು ಬಂದೀರೇನು?"

ಶೀಲಾ ಬಲಗೈ ಮೂಸಿ, ನನ್ನ ಮುಖ ನೋಡಿದಳು.