ಬಟ್ಟಲ ಬೆಳಕು

ಹಲ್ಲಿನ ವೈದ್ಯರ ಹೊರಕೋಣೆಯಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಯ ಕಿವಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಬಿತ್ತು. ನೋವು ಮರೆತು ಕಿವಿ ಅತ್ತ ಕೊಟ್ಟ.

“ಮತ್ತೆ ಮೋರಿಗೆ ಬಿದ್ಯೇನಕ್ಕಾ?”

“ಬೀಳೋದೆಲ್ಲ ಮುಗೀತು. ಸೈಕಲ್ಲಿಗೆ ನಾನೇ ಎಲ್‌ಇಡಿ ಲೈಟ್ ಕಟ್ಟಿದೀನಿ. ಹಳೇ ಮೊಬೈಲಿನ ಬ್ಯಾಟರಿ, ಕೆಟ್ಟ ಟಾರ್ಚಿನ ಬಲ್ಬು.”

“ಕತ್ತಲಲ್ಲಿ ಬೇಕರಿಗೆ ಹೋಗೋದು ಬೇಡ, ಕೆಲಸ ಬಿಡು ಅಂತಿದ್ರಲ್ಲ ಭಾವ?”

“ಮೊದಲ ಸಲ ಲೈಟ್ ಹತ್ತಲೇ ಇಲ್ಲ ನೋಡು, ಹೊಟ್ಟೆ ಹಿಡ್ಕೊಂಡು ನಕ್ರು. ವೈರ್ ಉಲ್ಟಾ ಕೊಟ್ಟಿದ್ದೆ. ತಿರುಗಿಸಿ ಕೊಟ್ಟೆ, ಝಗ್ ಅಂತು. ನಿಮ್ಮ ಭಾವನ ಬಾಯಿ ಬಂದ್!”

“ಬೆಳಕು ದೂರ ಬೀಳುತ್ತಾ?”

“ಬಲ್ಬಿನ ಹಿಂದೆ ಸ್ಟೀಲ್ ಬಟ್ಟಲು ಕೂರಿಸಿದೀನಲ್ಲ.”

“ನಮ್ಮನೆಯಿಂದ ತಗೊಂಡು ಹೋದ ಬಟ್ಟಲಾ?”

“ಬಟ್ಟಲು ಹಾಳಾಗ್ಲಿ, ಕೇಳಿಲ್ಲಿ. ಇವತ್ತು ಬೆಳಗಿನ ಜಾವ ಎದುರಿಗೆ ಬಂದ ಲಾರಿಯವನು ಲೈಟ್ ಡಿಮ್ ಮಾಡಿದ!”

“ಸೈಕಲ್ಲಿಗಾ?”

“ಯಾರಿಗೋ ಅಂತ ನಾನೂ ಹಿಂದೆ ತಿರುಗಿ ನೋಡ್ದೆ. ಒಂದು ನರಪಿಳ್ಳೆ ಇರ್ಲಿಲ್ಲ. ನಂಗೇ ಕಣೇ, ನಂಗೇ!”

ಒಳಗಿನಿಂದ ಕರೆ ಬಂತು. ಹಲ್ಲು ಕೀಳಿಸಿಕೊಳ್ಳಲು ಎದ್ದ ಅಕ್ಕನ ಗತ್ತು ನೋಡಿದರೆ ಬಹುಮಾನ ಪಡೆಯಲು ಹೊರಟಂತಿತ್ತು. ತಂಗಿ ಚೀಲ ಹಿಡಿದು ಹಿಂದೆಯೇ ನಡೆದಳು.

ದರ್ಜಿ ಚಾಚಿದ್ದ ಕಾಲು ಮಡಚಿಕೊಂಡು ದಾರಿ ಬಿಟ್ಟ.