ಹಳೇ ಮನೆಯ ಹೊಸ್ತಿಲು

ಪುಣೆಯ ಖಡಕಿಯ ಬಸ್ ಸ್ಟಾಪಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಕೇತಕಿ ಮೊಬೈಲಿನಿಂದ ತಲೆಯೆತ್ತಿದಳು. ಪಕ್ಕದಲ್ಲಿ ತಾಯಿ-ಮಗಳು ಜಗಳಕ್ಕೆ ನಿಂತಿದ್ದರು. ಮಗಳ ಅಂಗಿಯ ಮೇಲೆ ಎದುರಿನ ಅಂಗಡಿಯ ಹೆಸರಿತ್ತು. ಕೆಡವಿದ ಮನೆಗಳ ಮರಮುಟ್ಟು ಮಾರಿ, ಆ ದುಡ್ಡಿನಲ್ಲಿ ಹುಡುಗ ಹುಡುಗಿಯರಿಗೆ ಬಡಗಿತನ, ಹಣದ ವ್ಯವಹಾರ ಕಲಿಸುವ ಅಂಗಡಿ ಅದು.

“ಕೆಡವಿದ ನಮ್ಮ ಹಳೇ ಮನಿ ಬಾಗಲಾ ಅಂಗಡಿಗೆ ಒಯ್ಯಿ ಅಂದಿದ್ದೆ, ಶರ್ವರಿ. ಹೊಸ್ತಿಲಾ ಒಯ್ಯಿ ಅಂದಿದ್ನೇನು?”

“ಚೌಕಟ್ಟಿನ ಜೋಡಿ ಅದೂ ಬಂತಮ್ಮಾ.”

“ಅದರ ಮ್ಯಾಲಿನ ಅರಿಷಿಣ-ಕುಂಕುಮ ಕಾಣಲಿಲ್ಲ ನಿನಗ?”

“ಕಂಡಿತ್ತು. ಉಜ್ಜಿ ತಗದೆ. ನಾ ಪಾಲಿಶ್ ಕಲ್ತದ್ದ ಅದರ ಮ್ಯಾಲೆ.”

“ಮಾರಿದವರು ಯಾರು?”

“ನಾನ. ಕಟಗಿ ಕಿಮ್ಮತ್ತು, ಕೂಲಿ, ಲಾಭ ಎಲ್ಲಾ ಹಿಡದು ರೇಟ್ ಹಚ್ಚಿದೆ. ಸರ್ ಎಲ್ಲಾರ ಮುಂದ ಶಾಬಾಸ್ ಅಂದ್ರು. ಬೈಯಾಕಿ ನೀ ಒಬ್ಬಾಕಿನ.”

“ನಿಮ್ಮಜ್ಜಿ ಸಾಯೋತನಕ ಅದನ್ನ ತುಳೀಲಿಲ್ಲ. ನನಗೂ ತುಳೀಗೊಡಲಿಲ್ಲ. ಈಗ ಎಲ್ಲೆ ಅದ ಅದು?”

ಮಗಳ ದನಿ ತಗ್ಗಿತು.

“ಔಂಧದಾಗ, ಒಬ್ಬರ ಫ್ಲ್ಯಾಟಿನ್ಯಾಗ. ಚಪ್ಪಲಿ ಇಡೋ ಹಲಗಿ ಮಾಡ್ಯಾರ.”

ಅವರ ಬಸ್ಸು ಬಂದು ನಿಂತಿತು. ತಾಯಿ ಅದರತ್ತ ನೋಡಲೂ ಇಲ್ಲ. ಮಗಳ ರಟ್ಟೆ ಹಿಡಿದು ಅಂಗಡಿಯ ಕಡೆಗೆ ರಸ್ತೆಗಿಳಿದಳು.

“ನಡಿ. ಶಾಬಾಸ್ ಅಂದ ಸರ್‌ನೂ ಕರಿ, ಔಂಧಕ್ಕ ಹೋಗೋಣು. ಹೊಸ್ತಿಲ ಮ್ಯಾಲಿನ ಆ ಚಪ್ಪಲಿ ನೀವಿಬ್ಬರೂ ಕೈಯಿಂದ ತಗೀರಿ, ನಾ ನಿಂತು ನೋಡ್ತೀನಿ.”